ಬೀಗ ಹಾಕಿದ ಲೈಫ್ ಜಾಕೆಟ್ಟುಗಳು

ನನ್ನ ಅಕ್ಕನ ಗಂಡ ವಕೀಲ. ದೋಣಿ ವಿಹಾರಕ್ಕೆ ಹೋಗಿ ಕೈಕಾಲು ಮುರಿದುಕೊಂಡವರಿಗೆ ಪರಿಹಾರ ಕೊಡಿಸುವುದು ಅವನ ಕಸುಬು. ಎದುರಿಗೆ ‘ಭಾವ, ನೀವು’ ಎಂದು ಕರೆದು ಕರೆದು ನಾಲಿಗೆ ಸವೆಸಿದ್ದೇನೆ. ಬರೆಯುವಾಗಲಾದರೂ ‘ಅವನು’ ಎಂದು ಬರೆಯುವ ಸುಖ ನನಗಿರಲಿ. ಹನ್ನೊಂದು ವರ್ಷ ನಾನು ಅವನ ಗುಮಾಸ್ತನಾಗಿದ್ದೆ.

ನಮ್ಮ ಊರಿನ ಅಂಚಿನಲ್ಲಿ ಅಣೆಕಟ್ಟಿನ ಹಿನ್ನೀರು ಹರಡಿಕೊಂಡಿದೆ. ರಜೆಯ ದಿನ ಜನ ಅಲ್ಲಿಗೆ ಬಂದು, ಟಿಕೆಟ್ ಕೊಂಡು, ಮೋಟಾರ್ ದೋಣಿಯಲ್ಲಿ ಒಂದು ಸುತ್ತು ಹಾಕಿ, ಒದ್ದೆ ಕೂದಲಿನ ಫೋಟೋ ತೆಗೆಸಿಕೊಂಡು ಮನೆಗೆ ಹೋಗುತ್ತಾರೆ. ವರ್ಷಕ್ಕೆ ನಾಲ್ಕೈದು ಸಲ ಯಾವುದಾದರೊಂದು ದೋಣಿ ಕಟ್ಟೆಗೆ ಗುದ್ದುತ್ತದೆ, ಇಲ್ಲವೇ ಮಗುಚುತ್ತದೆ, ಇಲ್ಲವೇ ನೀರಿಗಿಳಿದವನ ಕಾಲನ್ನು ಮೋಟಾರಿನ ರೆಕ್ಕೆ ಸೀಳುತ್ತದೆ. ಹಾಗೆ ಆದಾಗಲೆಲ್ಲ ಭಾವನ ಮುಖ ಎಣ್ಣೆ ಹಚ್ಚಿದಂತೆ ಹೊಳೆಯುತ್ತಿತ್ತು.

ನಾಲ್ಕನೆಯ ಸಲಕ್ಕೆ ಕಾನೂನು ಪರೀಕ್ಷೆ ಪಾಸಾದವನು ಅವನು. ಮದುವೆಯಾದ ಹೊಸದರಲ್ಲಿ ಅವನ ಹತ್ತಿರ ಒಂದು ಕರಿ ಕೋಟು, ಎರಡು ಕುರ್ಚಿ ಮತ್ತು ನನ್ನ ಅಕ್ಕನ ನಂಬಿಕೆ ಇದ್ದವು; ಕಕ್ಷಿದಾರರು ಇರಲಿಲ್ಲ. ಹೀಗಿರುವಾಗ ದೋಣಿಯಿಂದ ಜಾರಿ ಬಿದ್ದು ದವಡೆ ಮುರಿದುಕೊಂಡ ಅಂಚೆ ಕಚೇರಿಯವನೊಬ್ಬ ವಿಳಾಸ ತಪ್ಪಿ ಇವನ ಕೋಣೆಗೆ ಬಂದ. ಕೇಸು ನ್ಯಾಯಾಲಯದ ಮೆಟ್ಟಿಲು ಹತ್ತುವ ಮೊದಲೇ ದೋಣಿ ಕಂಪನಿಯವರು ಏನೋ ಕೊಟ್ಟು ಬಾಯಿ ಮುಚ್ಚಿಸಿದರು. ಬಾಯಿ ತೆರೆಯಲಾಗದವನ ಬಾಯಿ ಮುಚ್ಚಿಸುವುದು ಅವರಿಗೂ ಸುಲಭವಾಗಿತ್ತು. ಅಂದೇ ಭಾವನಿಗೆ ಜ್ಞಾನೋದಯವಾಯಿತು: ವಾದ ಮಾಡದೆಯೂ ವಕೀಲನಾಗಿ ಬದುಕಬಹುದು.

ಆಮೇಲೆ ಅವನು ಚಪ್ಪಲಿ ಅಂಗಡಿಯ ಮೇಲಿನ ಮೂರನೆಯ ಮಹಡಿಗೆ ಆಫೀಸು ಬದಲಿಸಿದ. ಅಲ್ಲಿನ ಕಿಟಕಿಯಿಂದ ದೋಣಿಕಟ್ಟೆ ಕಾಣುತ್ತದೆ. ಕಿಟಕಿಯ ಮೊಳೆಗೆ ಒಂದು ದುರ್ಬೀನು ನೇತುಹಾಕಿದ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಕುರ್ಚಿ ಎಳೆದುಕೊಂಡು, ಕಣ್ಣಿಗೆ ಅದನ್ನು ಒತ್ತಿಕೊಂಡು ಕೂರುತ್ತಿದ್ದ. ಆಂಬುಲೆನ್ಸಿನ ಸದ್ದು ಕೇಳಿದರೆ ಮೊದಲು ತಲೆ ಬಾಚಿಕೊಳ್ಳುತ್ತಿದ್ದ. ಆಸ್ಪತ್ರೆಯ ವಾರ್ಡಿನಲ್ಲಿ ಅವನು ನಡೆಯುವ ರೀತಿ ನೋಡಬೇಕಿತ್ತು. ಸತ್ತವರ ಮನೆಗೆ ಬಂದ ದೊಡ್ಡ ಮನುಷ್ಯನಂತೆ ತಲೆ ತಗ್ಗಿಸಿ, ಕಣ್ಣು ಮಾತ್ರ ಒಂದೊಂದೇ ಮಂಚದ ಮೇಲೆ.

“ತುಂಬಾ ನೋವಾ ಅಮ್ಮಾ?” ಎಂದು ಕೇಳುತ್ತಿದ್ದ. ಅವರು ಹೌದೆಂದರೆ, “ಹಾಗಾದ್ರೆ ಅದು ಮುಖದ ಮೇಲೆ ಕಾಣ್ಬೇಕು. ಡಾಕ್ಟ್ರು ಬಂದಾಗ ಹಲ್ಲು ಕಚ್ಕೊಂಡು ಸುಮ್ನೆ ಇರ್ಬೇಡಿ, ಬರ್ಕೊಳೋರಿಗೆ ಕಷ್ಟ ಆಗುತ್ತೆ” ಎನ್ನುತ್ತಿದ್ದ. ಮರುದಿನ ವಕಾಲತ್ತಿಗೆ ಸಹಿ. ತಿಂಗಳೆರಡರಲ್ಲಿ ಕೋರ್ಟಿನ ಎದುರಿನ ಕಾಫಿ ಅಂಗಡಿಯಲ್ಲಿ, ಕಿಟಕಿ ಪಕ್ಕದ ಅದೇ ಮೇಜಿನಲ್ಲಿ, ಕಂಪನಿಯ ವಕೀಲನೊಂದಿಗೆ ಮಾತುಕತೆ. ಕಂಪನಿಯ ವಕೀಲ ಒಂದು ಸಂಖ್ಯೆ ಹೇಳುತ್ತಿದ್ದ, ಇವನು ತಲೆಯಾಡಿಸುತ್ತಿದ್ದ, ಇಬ್ಬರೂ ಬನ್ನು ತಿನ್ನುತ್ತಿದ್ದರು. ನಂತರ ಕಕ್ಷಿದಾರರನ್ನು ಕರೆದು, “ಕೇಸು ಬಲವಾಗಿಲ್ಲ, ನಾನು ಹೋರಾಡಿ ಇಷ್ಟು ಕಿತ್ಕೊಂಡು ಬಂದೆ” ಎಂದು ಬೆವರು ಒರೆಸಿಕೊಳ್ಳುತ್ತಿದ್ದ. ಆ ಬೆವರು ಬಿಸಿ ಕಾಫಿಯದು. ಕೋರ್ಟಿನ ಆವರಣದಲ್ಲಿ ಎಲ್ಲರೂ ಅವನನ್ನು ‘ರಾಜಿ’ ಎಂದೇ ಕರೆಯುತ್ತಿದ್ದರು. ಅವನು ಅದನ್ನು ಬಿರುದು ಎಂದುಕೊಂಡಿದ್ದ.

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ಎರಡು ಕೆಲಸ ಕಳೆದುಕೊಂಡು ಅಕ್ಕನ ಮನೆಯ ಮಾಳಿಗೆ ಕೋಣೆಯಲ್ಲಿ ಬಂದು ಬಿದ್ದವನು ನಾನು. ಅಕ್ಕ ಊಟ ಹಾಕುತ್ತಿದ್ದಳು, ಭಾವ ಫೈಲು ಕೊಡುತ್ತಿದ್ದ. ಎಲ್ಲವನ್ನೂ ನೋಡಿದೆ, ಎಲ್ಲವನ್ನೂ ಟೈಪು ಮಾಡಿದೆ, ತುಟಿ ಪಿಟಕ್ಕೆನ್ನಲಿಲ್ಲ.

ಇಸ್ತ್ರಿ ಅಂಗಡಿಯ ಹೆಂಗಸು ಬಂದದ್ದು ನನ್ನ ಹತ್ತನೆಯ ವರ್ಷದಲ್ಲಿ. ಐವತ್ತು ದಾಟಿದ ಗಟ್ಟಿ ಹೆಂಗಸು. ಮಾತು ಕಡಿಮೆ, ಇದ್ದಷ್ಟೂ ಒರಟು. ಮೂವತ್ತೊಂದು ವರ್ಷ ಒಂದೇ ಮೇಜಿನ ಹಿಂದೆ ನಿಂತು ಅರ್ಧ ಊರಿನ ಅಂಗಿ, ಚಾದರ, ಪರದೆಗಳನ್ನು ನೀಟು ಮಾಡಿದವಳು. ಈಗ ಬಲಗೈ ಕೊರಳಿನಿಂದ ಇಳಿಬಿಟ್ಟ ಪಟ್ಟಿಯಲ್ಲಿತ್ತು. ಭುಜದ ಮೂಳೆ ಮೂರು ಕಡೆ ಮುರಿದಿತ್ತು.

ನಡೆದದ್ದು ಇಷ್ಟು. ಒಂದು ಭಾನುವಾರ ಅವಳ ತಂಗಿ ಬಂದು, “ಅಕ್ಕಾ, ಜೀವಮಾನ ಎಲ್ಲ ಬೇರೆಯವ್ರ ಬಟ್ಟೆ ಮುಂದೆ ನಿಂತಿದ್ದೀಯ, ಒಂದ್ಸಲ ನೀರು ನೋಡೋಣ ಬಾ” ಎಂದು ಹಟ ಹಿಡಿದಳು. ಹನ್ನೆರಡು ಜನ ಹಿಡಿಯುವ ದೋಣಿಗೆ ಹತ್ತೊಂಬತ್ತು ಜನರನ್ನು ತುಂಬಿದರು. ತಿರುಗಿ ಬರುವಾಗ ಚಾಲಕ ಕಟ್ಟೆಯ ಮೇಲೆ ನಿಂತಿದ್ದ ಹುಡುಗಿಯರಿಗೆ ನೀರು ಸಿಡಿಸುವ ಶೋಕಿಗೆ ದೋಣಿಯನ್ನು ಸರಕ್ಕನೆ ತಿರುಗಿಸಿದ. ಜನರೆಲ್ಲ ಒಂದೇ ಮಗ್ಗುಲಿಗೆ ಜಾರಿದರು, ದೋಣಿ ಮಗುಚಿತು. ಅವಳ ಭುಜ ದೋಣಿಯ ಅಂಚಿಗೂ ಕಟ್ಟೆಯ ಕಲ್ಲಿಗೂ ನಡುವೆ ಸಿಕ್ಕಿತು. ಎಡಗೈಯಲ್ಲಿ ಹಗ್ಗ ಹಿಡಿದು ನೇತಾಡುತ್ತಿದ್ದಾಗ ಅವಳು ಕಂಡದ್ದು ಟಿಕೆಟ್ ಕೊಡುವ ಕೋಣೆ. ಅಲ್ಲಿನ ಗಾಜಿನ ಬೀರುವಿನಲ್ಲಿ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟುಗಳು ಸಾಲಾಗಿ ತೂಗುಬಿದ್ದಿದ್ದವು. ಬೀರುವಿಗೆ ಬೀಗ ಹಾಕಿತ್ತು. ಯಾರೋ ಒಬ್ಬ ಹುಟ್ಟು ಎತ್ತಿಕೊಂಡು ಗಾಜಿಗೆ ಬಡಿಯುತ್ತಿದ್ದ. ತಪಾಸಣೆಯವರು ಬಂದಾಗ ಹೊಸದಾಗಿ ಕಾಣಲೆಂದು ಮ್ಯಾನೇಜರು ಅವನ್ನು ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ, ಬೀಗದ ಕೈ ಅವನ ಜೇಬಿನಲ್ಲೇ ಇರುತ್ತಿತ್ತು ಎಂಬುದು ಆಮೇಲೆ ತಿಳಿಯಿತು.

ಹೇಗೋ ಯಾರೂ ಸಾಯಲಿಲ್ಲ. ಅದನ್ನೇ ಕಂಪನಿ ತನ್ನ ಸಾಧನೆ ಎಂಬಂತೆ ನಮ್ಮ ದಾವೆಗೆ ಕೋರ್ಟಿನಲ್ಲಿ ಕೊಟ್ಟ ಉತ್ತರದಲ್ಲಿ ಬರೆಯಿತು. ಜೊತೆಗೆ ಇನ್ನೊಂದು ಸಾಲು: ಎಲ್ಲ ಪ್ರಯಾಣಿಕರಿಗೂ ಮ್ಯಾನೇಜರು ಖುದ್ದಾಗಿ ಜಾಕೆಟ್ ಕೊಟ್ಟಿದ್ದರು, ಅವರೇ ಬೇಡವೆಂದರು.

ಭಾವ ಎಂದಿನಂತೆ ಕಾಫಿ ಕುಡಿದು ಬಂದ. ರಾಜಿ ಪತ್ರ ನಾನೇ ಟೈಪು ಮಾಡಿದ್ದೆ. ಅವಳು ಅದನ್ನು ಎಡಗೈಯಿಂದ ಹಿಡಿದು, ಬೆಳಕಿಗೆ ಎತ್ತಿ, ಕಲೆ ಹೋಗಿದೆಯೋ ಇಲ್ಲವೋ ನೋಡುವಂತೆ ನೋಡಿದಳು.

“ಇದ್ರಲ್ಲಿ ಬೀಗದ ವಿಷಯ ಇಲ್ಲ” ಎಂದಳು.

“ಬೀಗದ ವಿಷಯ ಬೇಡಮ್ಮಾ. ಇದು ರಾಜಿ. ಅವರ್ದೂ ತಪ್ಪಿಲ್ಲ, ನಿಮ್ದೂ ತಪ್ಪಿಲ್ಲ ಅಂತ.”

“ನಂದು ತಪ್ಪಿಲ್ಲ ಅಂತ ನಂಗೊತ್ತು. ಅದಕ್ಕೆ ಕಾಗ್ದ ಬೇಕಾ?”

“ಇಲ್ಲಿ ಒಂದು ಸಹಿ ಹಾಕಿದ್ರೆ ಮುಂದಿನ ತಿಂಗ್ಳೇ…”

“ವಕೀಲ್ರೇ, ಆ ಮ್ಯಾನೇಜರು ಜಡ್ಜಮ್ಮನ ಮುಂದೆ ನಿಂತು ಬೀಗದ ಕೈ ಎಲ್ಲಿತ್ತು ಅಂತ ಬಾಯಿಬಿಟ್ಟು ಹೇಳ್ಬೇಕು. ಆಮೇಲೆ ನೀವು ಎಲ್ಲಿ ಹೇಳಿದ್ರೆ ಅಲ್ಲಿ ಸಹಿ ಹಾಕ್ತೀನಿ.”

ಭಾವ ರಾಜಿ ಪತ್ರವನ್ನು ಅವಳ ಕೈಯಿಂದ ಹಿಂದಕ್ಕೆ ತೆಗೆದುಕೊಂಡ. ಅವನಿಗೆ ಆ ಹೆಂಗಸಿನ ಬಗ್ಗೆ ಹುಟ್ಟಿದ ಹೆದರಿಕೆ ನನಗೆ ಅಂದು ಅರ್ಥವಾಗಲಿಲ್ಲ. ಯೋಚಿಸಿದಾಗ ಹೊಳೆಯಿತು: ಕಟಕಟೆಯಲ್ಲಿ ನಿಂತ ಸಾಕ್ಷಿಗೆ ಅವನು ಒಂದೇ ಒಂದು ಪ್ರಶ್ನೆಯನ್ನೂ ಎಂದೂ ಕೇಳಿದವನಲ್ಲ. ಪಾಟೀಸವಾಲು ಎಂದರೆ ಅವನಿಗೆ ಬೇರೆ ಊರಿನ ರೈಲಿನ ವೇಳಾಪಟ್ಟಿ ಇದ್ದಂತೆ.

ವಾಯಿದೆಗಳು ಶುರುವಾದವು. ಒಂದು ಸಲ ಗಂಟಲು ನೋವು, ಒಂದು ಸಲ ಸಂಬಂಧಿಕರ ಸಾವು. ಸತ್ತವರು ಯಾರೆಂದು ಅಕ್ಕನಿಗೂ ತಿಳಿಯಲಿಲ್ಲ. ಮೂರನೆಯ ಸಲ ಫೈಲೇ ಸಿಗುತ್ತಿಲ್ಲವೆಂದ. ಫೈಲು ನನ್ನ ಕಂಕುಳಲ್ಲೇ ಇತ್ತು. ಪ್ರತಿ ಸಲವೂ ಅವಳು ಬೆಳಿಗ್ಗೆ ಅಂಗಡಿ ಮುಚ್ಚಿ ಬಂದು, ಕೋರ್ಟಿನ ಬೆಂಚಿನ ತುದಿಯಲ್ಲಿ ಕೂತು, ಸಂಜೆ ಎದ್ದು ಹೋಗುತ್ತಿದ್ದಳು. ಭಾವನನ್ನು ಬೈಯಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಒಮ್ಮೆ ಮಾತ್ರ ನನ್ನ ಕಡೆ ತಿರುಗಿ, “ನಿಮ್ಮ ಸಾಹೇಬ್ರ ಕೋಟಿನ ಮೊಣಕೈ ಸವೆದಿಲ್ಲ. ಮೇಜಿಗೆ ಊರಿ ಕೆಲ್ಸ ಮಾಡೋರದ್ದು ಅಲ್ಲೇ ಮೊದ್ಲು ಸವೆಯೋದು” ಎಂದಳು.

ನಾಲ್ಕನೆಯ ವಾಯಿದೆಯ ದಿನ ಮ್ಯಾನೇಜರು ಸಾಕ್ಷಿ ಹೇಳಲು ಬರಲೇಬೇಕಿತ್ತು. ಆ ಬೆಳಿಗ್ಗೆ ಭಾವ ಹಾಸಿಗೆ ಬಿಟ್ಟು ಏಳಲಿಲ್ಲ. ಹಣೆಯ ಮೇಲೆ ಒದ್ದೆ ಟವೆಲು, ನರಳಾಟ.

“ಲೋ, ನೀನು ಹೋಗಿ ಈ ಚೀಟಿ ಕೊಟ್ಟು ಇನ್ನೊಂದು ದಿನ ತಗೊಂಬಾ” ಎಂದ.

“ಭಾವ, ಜಡ್ಜು ಹೋದ್ಸಲಾನೇ ಎಚ್ಚರಿಕೆ ಕೊಟ್ಟಿದ್ದಾರೆ. ಇನ್ನೊಂದು ದಿನ ಕೊಡಲ್ಲ.”

“ಜ್ವರ ನೂರ ಎಂಟಿದೆ ಅಂತ ಹೇಳು!”

“ನೂರ ಎಂಟಿದ್ರೆ ನೀವು ಮಾತಾಡ್ತಿರ್ಲಿಲ್ಲ ಭಾವ.”

ಅವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಫೈಲು ಎತ್ತಿಕೊಂಡು ಹೊರಟೆ.

ನ್ಯಾಯಾಧೀಶೆ ತೆಳ್ಳನೆಯ, ನಿದ್ದೆಗೆಟ್ಟ ಮುಖದ ಹೆಂಗಸು. ನನ್ನ ಚೀಟಿಯನ್ನು ಓದಿ, ಮಡಿಸಿ, ಪಕ್ಕಕ್ಕಿಟ್ಟರು. ಇಸ್ತ್ರಿಯವಳನ್ನು ಮುಂದಕ್ಕೆ ಕರೆದರು.

“ನಿಮ್ಮ ವಕೀಲ್ರು ಬಂದಿಲ್ಲ. ಸಾಕ್ಷಿ ಬಂದಿದ್ದಾರೆ. ಇನ್ನು ಮುಂದೂಡೋಕೆ ಆಗಲ್ಲ. ಈಗ ಎರಡೇ ದಾರಿ. ಇವರಿಗೆ ಯಾರೂ ಏನೂ ಕೇಳ್ಲಿಲ್ಲ ಅಂತ ಬರ್ಕೊಂಡು ಮುಗಿಸ್ಬೇಕು, ಇಲ್ಲ ಅಂದ್ರೆ ನೀವೇ ಕೇಳ್ಬೇಕು. ಕೇಳ್ತೀರಾ?”

“ಕೇಳ್ತೀನಿ.”

ಕಂಪನಿಯ ವಕೀಲ ನಕ್ಕ. ಮ್ಯಾನೇಜರೂ ನಕ್ಕ. ಅವನು ಹೊಸ ಅಂಗಿ ಹಾಕಿದ್ದ. ಮಡಿಕೆಯ ಗೆರೆಗಳು ಇನ್ನೂ ಎದೆಯ ಮೇಲಿದ್ದವು. ಅವಳು ಆ ಗೆರೆಗಳನ್ನೇ ಸ್ವಲ್ಪ ಹೊತ್ತು ನೋಡಿದಳು.

“ಅವತ್ತು ಜಾಕೆಟ್ ನನ್ ಕೈಗೆ ಕೊಟ್ಟಿದ್ದು ಯಾರು?”

“ನಾನೇ. ಎಲ್ಲಾರ್ಗೂ ನಾನೇ ಕೊಟ್ಟೆ. ನೀವೇ ಬೇಡ ಅಂದ್ರಿ.”

“ಆಮೇಲೆ ಅದನ್ನ ಏನ್ ಮಾಡಿದ್ರಿ?”

“ವಾಪಸ್ ಬೀರುನಲ್ಲಿ ಇಟ್ಟೆ.”

“ದೋಣಿ ಮಗುಚಿದಾಗ ಜನ ಬೀರು ಗಾಜು ಯಾಕೆ ಒಡೆದ್ರು?”

“ಗಾಬರಿಲಿ ಒಡೆದಿರ್ತಾರೆ.”

“ಬಾಗ್ಲು ತೆಗೆದಿದ್ರೆ ಒಡೆಯೋದು ಯಾಕೆ?”

ಮ್ಯಾನೇಜರು ತನ್ನ ವಕೀಲನ ಕಡೆ ನೋಡಿದ. “ಬೀಗ ಇತ್ತು. ಬೀಗ ಹಾಕೋದು ನನ್ನ ಜವಾಬ್ದಾರಿ ಮೇಡಂ, ಕಂಪನಿ ವಸ್ತು ಕಳ್ದೋಗ್ಬಾರ್ದಲ್ಲ” ಎಂದು ನ್ಯಾಯಾಧೀಶೆಗೆ ಹೇಳಿದ. ತನ್ನ ಕರ್ತವ್ಯನಿಷ್ಠೆ ಅವನಿಗೇ ಹಿಡಿಸಿತೆಂದು ಕಾಣುತ್ತದೆ. ಯಾರೂ ಕೇಳದಿದ್ದರೂ ಮುಂದುವರಿಸಿದ. “ದಿನಾ ಕರೆಕ್ಟಾಗಿ ಒಂದೂವರೆಗೆ ಬೀಗ ಹಾಕಿ, ಬೀಗದ ಕೈ ಜೇಬಲ್ಲಿಟ್ಕೊಂಡೇ ಊಟಕ್ಕೆ ಹೋಗೋದು. ಮೂರು ಗಂಟೆಗೆ ಬರೋದು. ಇವತ್ತಿನವರೆಗೂ ಒಂದು ದಿನ ತಪ್ಸಿಲ್ಲ.”

“ಅವತ್ತೂ ಹಾಗೇನಾ?”

“ಅವತ್ತೂ ಹಾಗೇ.”

ಅವಳು ನನ್ನ ಕಡೆ ಕೈ ಚಾಚಿದಳು. “ನಮ್ ಟಿಕೆಟ್ ಕೊಡಿ.”

ಟಿಕೆಟ್ಟು ಫೈಲಿನ ಮೊದಲ ಹಾಳೆಗೇ ಗುಂಡುಸೂಜಿಯಲ್ಲಿ ಚುಚ್ಚಿತ್ತು. ಮೊದಲ ದಿನವೇ ಅವಳು ತಂದುಕೊಟ್ಟದ್ದು. ಆ ಒಂದು ವರ್ಷದಲ್ಲಿ ಭಾವ ಒಮ್ಮೆಯಾದರೂ ಫೈಲನ್ನು ತೆರೆದಿದ್ದರೆ ಕಾಣುತ್ತಿತ್ತು; ನಾನು ಕಣ್ಣು ಬಿಟ್ಟಿದ್ದರೆ ನನಗೂ ಕಾಣುತ್ತಿತ್ತು. ಸೂಜಿ ಬಿಡಿಸುತ್ತ ಕೂರದೆ ಇಡೀ ಹಾಳೆಯನ್ನೇ ಕೊಟ್ಟೆ.

“ಇದು ನಿಮ್ದೇ ಟಿಕೆಟ್ ತಾನೆ? ಮೇಲಿರೋ ಗಂಟೆ ಓದಿ.”

ಮ್ಯಾನೇಜರು ಓದಲಿಲ್ಲ. ನ್ಯಾಯಾಧೀಶೆಯೇ ಹಾಳೆ ತರಿಸಿಕೊಂಡು ಓದಿದರು. “ಎರಡು ಗಂಟೆ ಹತ್ತು ನಿಮಿಷ.”

“ನೀವು ಒಂದೂವರೆಗೆ ಬೀಗ ಹಾಕಿ ಊಟಕ್ಕೆ ಹೋದ್ರಿ. ನಾವು ಎರಡು ಹತ್ತಕ್ಕೆ ಟಿಕೆಟ್ ತಗೊಂಡ್ವಿ. ನಂಗೆ ಜಾಕೆಟ್ ಯಾವಾಗ ಕೊಟ್ರಿ?”

ಮ್ಯಾನೇಜರು ಇಂಗು ತಿಂದ ಮಂಗನಂತೆ ನಿಂತಿದ್ದ. ಕಂಪನಿಯ ವಕೀಲ ಎದ್ದು ಏನೋ ಹೇಳಹೊರಟ. ನ್ಯಾಯಾಧೀಶೆ ಕೈಸನ್ನೆಯಲ್ಲೇ ಕೂರಿಸಿದರು. ಬೇರೆ ಪ್ರಶ್ನೆ ಇದೆಯೇ ಎಂದು ಅವಳನ್ನು ಕೇಳಿದರು.

“ಇಲ್ಲಮ್ಮಾ. ಅಂಗಡಿ ತೆಗೀಬೇಕು” ಎಂದಳು.

ಆರು ವಾರಗಳ ನಂತರ ತೀರ್ಪು ಬಂತು. ಕಾಫಿ ಅಂಗಡಿಯ ಸಂಖ್ಯೆಯ ಏಳು ಪಟ್ಟು ಪರಿಹಾರ; ಆ ವಿಷಯ ಇಷ್ಟು ಸಾಕು. ನನಗೆ ನೆನಪಿರುವುದು ಇನ್ನೊಂದು ಸಾಲು: ಪ್ರತಿಯೊಬ್ಬರ ಮೈಮೇಲೂ ಜಾಕೆಟ್ ಕಟ್ಟಿದ ಮೇಲೆಯೇ ದೋಣಿ ಹೊರಡಬೇಕು, ಅವುಗಳನ್ನು ಬೀಗ ಹಾಕಿ ಇಡಕೂಡದು.

ಮಾರನೆಯ ಬೆಳಿಗ್ಗೆ ಪತ್ರಿಕೆಯಲ್ಲಿ ಭಾವನ ಫೋಟೋ. ‘ಹಿರಿಯ ವಕೀಲರ ಜಾಣ ಪಾಟೀಸವಾಲಿಗೆ ತತ್ತರಿಸಿದ ಸಾಕ್ಷಿ’ ಎಂಬ ತಲೆಬರಹ. ವರದಿಗಾರನಿಗೆ ಇವನೇ ಫೋನು ಮಾಡಿ, ಟಿಕೆಟ್ಟಿನ ಗಂಟೆಯನ್ನು ತಾನು ಹೇಗೆ ಪತ್ತೆ ಹಚ್ಚಿದೆನೆಂದು ಹಂತ ಹಂತವಾಗಿ ವಿವರಿಸಿದ್ದ. ಹತ್ತು ಪ್ರತಿ ತರಿಸಿ ಆಫೀಸಿನ ಮೇಜಿನ ಮೇಲೆ ಬೀಸಣಿಗೆಯಂತೆ ಹರಡಿದ್ದ. ಅಕ್ಕ ಅಂದು ಊಟದ ಡಬ್ಬಿ ತಂದು ಬಾಗಿಲ ಬಳಿ ನಿಂತಿದ್ದಳು, ಅದೇ ಹೊತ್ತಿಗೆ ಇಸ್ತ್ರಿಯವಳು ಮೂರು ಮಹಡಿ ಹತ್ತಿ ಬಂದಳು.

“ನನ್ ಫೈಲ್ ಕೊಡಿ” ಎಂದಳು.

“ಬನ್ನಿ ಬನ್ನಿ ಅಮ್ಮಾ, ಕೂತ್ಕೊಳ್ಳಿ! ನೋಡಿದ್ರಾ ಪೇಪರ್? ನಾವಿಬ್ರೂ ಸೇರಿ ಅವ್ರನ್ನ ಹೆಂಗೆ…”

“ಓದ್ದೆ. ಜೊತೆಗೆ ಓದಿದೋರು ನಗ್ತಾ ಇದ್ರು.”

ಭಾವ ಹಲ್ಲು ಕಿರಿದ. “ಕೋಪ ಮಾಡ್ಕೋಬೇಡಿ. ಪೇಪರ್ನೋರು ಏನೇನೋ ಬರೀತಾರೆ.”

“ಕೋಪ ಬಂದಿಲ್ಲ ವಕೀಲ್ರೇ. ದೋಣಿ ತಿರುಗ್ಸಿದನಲ್ಲ ಆ ಹುಡ್ಗ, ಅವನ ಮೇಲೆ ಬಂತು. ಬೀಗ ಹಾಕಿದ ಆ ಮ್ಯಾನೇಜರ್ ಮೇಲೂ ಬಂತು. ನಿಮ್ ಮೇಲೆ ಬರ್ಲಿ ಅಂತ ಈ ಮೆಟ್ಲು ಹತ್ತೋವಾಗ ತುಂಬಾ ಪ್ರಯತ್ನ ಪಟ್ಟೆ. ಕೋಪ ಬರೋಕೆ ಕುರ್ಚಿ ಮೇಲೆ ಯಾರಾದ್ರೂ ಇರ್ಬೇಕಲ್ಲ.”

ನಾನು ಫೈಲು ಕೊಟ್ಟೆ. ಅವಳು ಎಡಗಂಕುಳಲ್ಲಿ ಅದನ್ನು ಇಟ್ಟುಕೊಂಡು ಇಳಿದು ಹೋದಳು. ಭಾವ ಕಿಟಕಿಯ ಕಡೆ ತಿರುಗಿ, “ಓದು ಬರಹ ಇಲ್ದೋರ ಜೊತೆ ಕೆಲ್ಸ ಮಾಡೋದು ಅಂದ್ರೆ ಇದೇ ಕಷ್ಟ” ಎಂದ.

ಅಕ್ಕ ಡಬ್ಬಿಯನ್ನು ಮೇಜಿನ ಮೇಲಿಟ್ಟು ನನ್ನೊಂದಿಗೆ ಮೆಟ್ಟಿಲು ಇಳಿದಳು. ಅವಳಿಗೆ ಏನೂ ಗೊತ್ತಿಲ್ಲವೆಂದೇ ನಾನು ಇಷ್ಟು ವರ್ಷ ನಂಬಿದ್ದೆ. ಅವಳಿಗಾಗಿ ಬಾಯಿ ಮುಚ್ಚಿಕೊಂಡಿದ್ದೇನೆ ಎಂಬ ಒಂದು ಸಮಾಧಾನವನ್ನೂ ಸಾಕಿಕೊಂಡಿದ್ದೆ. ಎರಡನೆಯ ಮಹಡಿಯಲ್ಲಿ ಅವಳು ನಿಂತಳು.

“ಆವತ್ತು ಜ್ವರ ಅಂದಾಗ ಇವ್ರು ಥರ್ಮಾಮೀಟರನ್ನ ಕಾಫಿ ಲೋಟದಲ್ಲಿ ಅದ್ದಿದ್ರು ಕಣೋ” ಎಂದಳು. “ನಾನು ಅಡುಗೆಮನೆಯಿಂದ ನೋಡ್ತಿದ್ದೆ.”

“ಏನೂ ಅನ್ಲಿಲ್ವಾ ಅಕ್ಕ?”

“ಥರ್ಮಾಮೀಟರ್ ಒಡೆದು ಹೋಯ್ತು. ಲೋಟ ತೊಳೆದಿಟ್ಟೆ.” ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾಳೆಂದುಕೊಂಡೆ, ಅವಳು ನಕ್ಕಳು, ಕೆಟ್ಟದಾಗಿ. “ನೀನೇನು ಅನ್ಬಿಟ್ಟೆ?”

ಆ ತಿಂಗಳ ಕೊನೆಗೆ ದೋಣಿ ಕಂಪನಿಯವರು ಭಾವನನ್ನು ತಮ್ಮ ಕಾನೂನು ಸಲಹೆಗಾರನನ್ನಾಗಿ ನೇಮಿಸಿಕೊಂಡರು. ಪತ್ರಿಕೆ ಓದಿ ಹೆದರಿದರೋ, ಕಾಫಿ ಅಂಗಡಿಯ ಹಳೆಯ ಪರಿಚಯವೋ, ಯಾರಿಗೆ ಗೊತ್ತು. ಅವನು ಒಂದು ಕ್ಷಣವೂ ಹಿಂದುಮುಂದು ನೋಡಲಿಲ್ಲ. ಮೊದಲ ವಾರವೇ ನನಗೊಂದು ಕರಡು ಕೊಟ್ಟ: ದೋಣಿ ಹತ್ತುವವರು ಏನೇ ಆದರೂ ಕಂಪನಿಯನ್ನು ದೂರುವುದಿಲ್ಲವೆಂದು ಸಹಿ ಹಾಕಬೇಕಾದ ಕಾಗದ. “ಅಕ್ಷರ ಆದಷ್ಟು ಚಿಕ್ಕದಿರ್ಲಿ” ಎಂದ. ನಾನು ಟೈಪ್‌ರೈಟರಿನ ಮೇಲೆ ಹೊದಿಕೆ ಎಳೆದು, ನನ್ನ ಛತ್ರಿ ತೆಗೆದುಕೊಂಡು ಹೊರಬಂದೆ. ದೊಡ್ಡ ಮಾತೇನನ್ನೂ ಆಡಲಿಲ್ಲ. ಆಡಲು ಬಾಯಿ ಬರಲಿಲ್ಲ ಎಂಬುದೇ ನಿಜ. ಎರಡು ದಿನ ನಾನು ಮುನಿಸಿಕೊಂಡಿದ್ದೇನೆಂದು ಭಾವ ಭಾವಿಸಿದ. ಮೂರನೆಯ ದಿನ ಬೇರೆ ಗುಮಾಸ್ತ ಬಂದ.

ಈಗ ಅವನು ವಕೀಲರ ಸಂಘದ ಉಪಾಧ್ಯಕ್ಷ. ಹೊಸ ವಕೀಲರಿಗೆ ಪಾಟೀಸವಾಲಿನ ಕಲೆಯ ಬಗ್ಗೆ ಉಪನ್ಯಾಸ ಕೊಡುತ್ತಾನೆ, ಅವರು ಬರೆದುಕೊಳ್ಳುತ್ತಾರೆ. ಅಕ್ಕ ಅವನೊಂದಿಗೇ ಇದ್ದಾಳೆ. ಇಸ್ತ್ರಿಯವಳ ಭುಜ ಪೂರ್ತಿ ಸರಿಯಾಗಲಿಲ್ಲ. ಅಂಗಡಿಯಲ್ಲಿ ಈಗ ತಂಗಿ ಇಸ್ತ್ರಿ ತಳ್ಳುತ್ತಾಳೆ. ಅವಳು ಎಡಗೈಯಿಂದ ಮಡಿಸುತ್ತಾಳೆ, ತಂಗಿಯ ಮಡಿಕೆಗಳನ್ನು ದಿನವಿಡೀ ಬೈಯುತ್ತಾಳೆ.

ನಾನು ಕೋರ್ಟಿನ ಹೊರಗೆ ಮರದ ಕೆಳಗೆ ಒಂದು ಮೇಜು ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ಹಳೆಯ ರಾಜಿಗಳಿಗೆ ಸಹಿ ಹಾಕಿದವರ ವಿಳಾಸಗಳು ನನಗೆ ಬಾಯಿಪಾಠ. ಆ ರಾಜಿಗಳಲ್ಲಿ ಕೆಲವನ್ನು ಮತ್ತೆ ತೆರೆಯಲು ಕಾನೂನಿನಲ್ಲಿ ದಾರಿ ಇದೆಯೆಂದು ಒಬ್ಬ ಒಳ್ಳೆಯ ವಕೀಲೆ ಹೇಳಿದ ಮೇಲೆ, ಒಂದೊಂದೇ ಮನೆಗೆ ಹೋಗಿ ತಿಳಿಸೋಣವೆಂದು ಹೊರಟೆ. ಮೊದಲು ಹೋದದ್ದು ಸಂಗೀತದ ಮೇಷ್ಟರ ಮನೆಗೆ. ಮೋಟಾರಿನ ರೆಕ್ಕೆಗೆ ಅವರ ಮೀನಖಂಡ ಹರಿದು ಆರು ವರ್ಷವಾಗಿತ್ತು. ಕೋಲು ಊರಿಕೊಂಡು ಬಂದು ಬಾಗಿಲು ತೆರೆದರು, ನನ್ನ ಮುಖವನ್ನು ಗುರುತಿಸಲು ಸ್ವಲ್ಪ ಹೊತ್ತು ಹಿಡಿಯಿತು.

“ಸಹಿ ಎಲ್ಲಿ ಹಾಕ್ಬೇಕು ಅಂತ ಬೆರಳಿಟ್ಟು ತೋರ್ಸಿದ್ದು ನೀನೇ ಅಲ್ವಾ?” ಎಂದರು.

ಹೌದೆಂದೆ. ಬಾಗಿಲು ಮುಚ್ಚಿದರು. ಚಿಲಕ ಹಾಕಿದ ಸದ್ದೂ ಕೇಳಿಸಿತು.

ಎರಡನೆಯ ಮನೆ ನಾಲ್ಕು ಬೀದಿ ಆಚೆಗಿತ್ತು. ಅಲ್ಲಿನವರು ಒಳಗೆ ಕರೆದು ಕೂರಿಸಿದರು.